ಒಗೆಯುವ ಪುಡಿಯ ಕಿಣ್ವ, ಕಾರ್ಮಿಕರ ಉಸಿರು

ಬಟ್ಟೆ ಒಗೆಯುವ ಪುಡಿಗೆ ಕಿಣ್ವ ಬೆರೆಸುವ ಉದ್ಯಮ ಯುರೋಪಿನಲ್ಲಿ ನೆಲೆಯೂರಿದ್ದು 1960ರ ದಶಕದಲ್ಲಿ. ಆ ದಶಕ ಮುಗಿಯುವುದರೊಳಗೆ ಪುಡಿ ತಯಾರಿಸುವ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರಿಗೆ ಕೆಮ್ಮು, ಎದೆ ಬಿಗಿತ, ಉಬ್ಬಸ ಹತ್ತಿಕೊಂಡವು. ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ ಆಹಾರ ಜೀರ್ಣಿಸಿಕೊಳ್ಳಲೆಂದು ಮೈಯಿಂದ ಹೊರಕ್ಕೆ ಸ್ರವಿಸುವ ಪ್ರೋಟೀನು ಧೂಳಾಗಿ ಮನುಷ್ಯರ ಶ್ವಾಸನಾಳವನ್ನು ಹೊಕ್ಕು, ಅಲ್ಲಿನ ರೋಗನಿರೋಧಕ ಕೋಶಗಳನ್ನು ಕೆರಳಿಸಿದ್ದೇ ಇದಕ್ಕೆ ಕಾರಣ. ಕಾರಣವನ್ನು ಗುರುತಿಸಲು ವೈದ್ಯರಿಗೆ ಹೆಚ್ಚು ಕಾಲ ಹಿಡಿಯಲಿಲ್ಲ. ಆ ಪ್ರೋಟೀನು ಕೋಶಗಳನ್ನು ಕೆರಳಿಸುವ ಬಗೆ ಬಿಡಿಬಿಡಿಯಾಗಿ ತಿಳಿಯಲು ಮಾತ್ರ ನಾಲ್ಕು ದಶಕಗಳಿಗೂ ಹೆಚ್ಚು ಸಮಯ ಬೇಕಾಯಿತು. ಕೊಳೆ ತೆಗೆಯುವ ಯಾವ ಗುಣಕ್ಕಾಗಿ ಉದ್ಯಮ ಆ ಕಿಣ್ವವನ್ನು ಹುಡುಕಿ ತಂದಿತೋ, ಅದೇ ಗುಣ ಶ್ವಾಸಕೋಶಕ್ಕೂ ಕುತ್ತಾಗಿತ್ತು ಎಂಬುದು ಕೊನೆಗೆ ಖಚಿತವಾಯಿತು.

ಕಿಣ್ವದಿಂದ ಕೊಳೆ ತೆಗೆಯುವ ಯೋಚನೆಯ ಬೇರು ಚರ್ಮ ಹದ ಮಾಡುವ ಕೆಲಸದಲ್ಲಿದೆ. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ತೊಗಲು ಬಿರುಸಾಗಿರುತ್ತದೆ. ಅದನ್ನು ಮೆತ್ತಗಾಗಿಸಲು ಯುರೋಪಿನ ಚರ್ಮಗಾರರು ನಾಯಿಯ ಮಲವನ್ನೋ ಪಾರಿವಾಳದ ಹಿಕ್ಕೆಯನ್ನೋ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ, ತೊಗಲನ್ನು ಅದರಲ್ಲಿ ಅದ್ದಿಡುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಬೀದಿಯಲ್ಲಿ ನಾಯಿಮಲ ಹೆಕ್ಕಿ ಚರ್ಮದ ಕಾರ್ಖಾನೆಗಳಿಗೆ ಮಾರಿ ಹೊಟ್ಟೆ ಹೊರೆಯುವ ಬಡವರಿದ್ದರು. ಜರ್ಮನಿಯ ರಸಾಯನಶಾಸ್ತ್ರಜ್ಞ ಓಟೊ ರೋಮ್ ಈ ಹೊಲಸು ಕೆಲಸಕ್ಕೆ ಬದಲಿ ದಾರಿ ಹುಡುಕಿದ. ತೊಗಲನ್ನು ಮೆದುವಾಗಿಸುವುದು ಜೀರ್ಣರಸದ ಕಿಣ್ವಗಳೇ ಎಂದು ಮನಗಂಡು, ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಕಿಣ್ವದ ಮಿಶ್ರಣವನ್ನು ‘ಓರೊಪಾನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ. 1907ರಲ್ಲಿ ಗೆಳೆಯ ಓಟೊ ಹಾಸ್ ಜೊತೆ ಸೇರಿ ಅವನು ಕಟ್ಟಿದ ಕಂಪನಿ ಮೊದಲು ನಿಂತದ್ದು ಈ ಸರಕಿನ ಮೇಲೆ.

ತೊಗಲಿಗೆ ಒದಗಿದ ಕಿಣ್ವ ಬಟ್ಟೆಗೂ ಒದಗೀತು ಎಂದು ರೋಮ್‌ಗೆ ಹೊಳೆಯಿತು. ರಕ್ತ, ಹಾಲು, ಮೊಟ್ಟೆ, ಬೆವರು ಇವುಗಳ ಕಲೆ ಬಟ್ಟೆಗೆ ಕಚ್ಚಿಕೊಳ್ಳುವುದು ಅವುಗಳಲ್ಲಿರುವ ಪ್ರೋಟೀನಿನಿಂದ. ಪ್ರೋಟೀನನ್ನು ತುಂಡು ಮಾಡಿದರೆ ಕಲೆಯ ಹಿಡಿತ ತಪ್ಪುತ್ತದೆ. 1913ರಲ್ಲಿ ರೋಮ್ ಇದಕ್ಕೆ ಪೇಟೆಂಟ್ ಪಡೆದ. ಮರುವರ್ಷ ‘ಬುರ್ನುಸ್’ ಎಂಬ ನೆನೆಹಾಕುವ ಪುಡಿ ಜರ್ಮನಿಯ ಅಂಗಡಿಗಳಿಗೆ ಬಂತು. ಅದರಲ್ಲಿದ್ದದ್ದು ಸೋಡಾ ಮತ್ತು ಸ್ವಲ್ಪವೇ ಸ್ವಲ್ಪ ಟ್ರಿಪ್ಸಿನ್. ಟ್ರಿಪ್ಸಿನ್ ಮೂಲತಃ ಪ್ರಾಣಿಯ ಕರುಳಿನಲ್ಲಿ ಕೆಲಸ ಮಾಡುವ ಕಿಣ್ವ. ಸೋಡಾದ ಕಟುವಾದ ಕ್ಷಾರದಲ್ಲಾಗಲಿ ಒಗೆಯುವ ನೀರಿನ ಬಿಸಿಯಲ್ಲಾಗಲಿ ಅದು ಹೆಚ್ಚು ಹೊತ್ತು ಬಾಳದು. ಹೀಗಾಗಿ ಪುಡಿ ಮಾರಾಟದಲ್ಲಿ ಉಳಿಯಿತೇ ಹೊರತು ಬಟ್ಟೆ ಒಗೆಯುವ ರೀತಿಯನ್ನೇನೂ ಬದಲಿಸಲಿಲ್ಲ.

ಬದಲಾವಣೆಗೆ ಬೇಕಾದ ಕಿಣ್ವ ಸಿಕ್ಕಿದ್ದು ಕೋಪನ್‌ಹೇಗನ್‌ನಲ್ಲಿ, ಅದೂ ಬಟ್ಟೆಯ ಗೊಡವೆಯೇ ಇಲ್ಲದ ಪ್ರಯೋಗಾಲಯವೊಂದರಲ್ಲಿ. ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಹಣದಿಂದ ಸ್ಥಾಪನೆಯಾದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಲಿಂಡರ್‌ಸ್ಟ್ರೋಮ್-ಲಾಂಗ್ ಮತ್ತು ಒಟ್ಟೆಸನ್ ಮೊಟ್ಟೆಯ ಬಿಳಿಭಾಗದ ಪ್ರೋಟೀನನ್ನು ಅಭ್ಯಸಿಸುತ್ತಿದ್ದರು. ಬ್ಯಾಕ್ಟೀರಿಯಾದ ಕಿಣ್ವವೊಂದು ತಾಕಿದಾಗ ಆ ಪ್ರೋಟೀನು ಬೇರೆಯೇ ಆಕಾರದ ಹರಳುಗಳಾಗುವುದನ್ನು 1947ರಲ್ಲಿ ವರದಿ ಮಾಡಿದರು. ಮುಂದೆ ‘ಸಬ್ಟಿಲಿಸಿನ್ ಕಾರ್ಲ್ಸ್‌ಬರ್ಗ್’ ಎಂದು ಹೆಸರಾದದ್ದು ಆ ಕಿಣ್ವವೇ. ಅದನ್ನು ಸ್ರವಿಸುವುದು ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಹಳೆಯ ಬರಹಗಳಲ್ಲಿ ಅದರ ಹತ್ತಿರದ ಬಂಧು ಬ್ಯಾಸಿಲಸ್ ಸಬ್ಟಿಲಿಸ್‌ನ ಹೆಸರೇ ಹೆಚ್ಚು ಕಾಣುತ್ತದೆ.

ಈ ಬ್ಯಾಕ್ಟೀರಿಯಾಗಳಿಗೆ ಬಾಯಿಯಿಲ್ಲ, ಹೊಟ್ಟೆಯಿಲ್ಲ. ಸುತ್ತಲಿನ ಸತ್ತ ಜೀವಿಗಳ ಪ್ರೋಟೀನು ಅವುಗಳ ಕೋಶಭಿತ್ತಿಯ ಮೂಲಕ ಒಳಹೋಗಲಾರದಷ್ಟು ದೊಡ್ಡದು. ಆದ್ದರಿಂದ ಅವು ಕಿಣ್ವವನ್ನೇ ಹೊರಕ್ಕೆ ಬಿಟ್ಟು, ಪ್ರೋಟೀನನ್ನು ಹೊರಗಡೆಯೇ ತುಂಡರಿಸಿ, ಆ ಚೂರುಗಳನ್ನು ಹೀರಿಕೊಳ್ಳುತ್ತವೆ. ಒಳಗಿರುವಾಗ ತನ್ನ ಕೋಶವನ್ನೇ ತಿಂದುಹಾಕದಂತೆ ಸಬ್ಟಿಲಿಸಿನ್ನಿಗೆ ಒಂದು ಹೆಚ್ಚುವರಿ ತುಣುಕು ಅಂಟಿಕೊಂಡಿರುತ್ತದೆ. ಕೋಶದ ಪೊರೆ ದಾಟಿದ ಮೇಲೆ ಕಿಣ್ವ ಆ ತುಣುಕನ್ನು ತಾನೇ ಕತ್ತರಿಸಿಕೊಂಡು ಕೆಲಸಕ್ಕೆ ಸಿದ್ಧವಾಗುತ್ತದೆ. ಹೀಗೆ ಹೊರಕ್ಕೆ ಸ್ರವಿಸುವ ಗುಣವೇ ಉದ್ಯಮಿಗಳಿಗೂ ವರವಾಯಿತು. ಕೋಶಗಳನ್ನು ಒಡೆಯುವ ಖರ್ಚಿಲ್ಲ. ದೊಡ್ಡ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಸೋಸಿ, ತಿಳಿಯನ್ನು ಒಣಗಿಸಿದರೆ ಕಿಣ್ವದ ಪುಡಿ ಕೈಗೆ ಬರುತ್ತದೆ. ಕ್ಷಾರಕ್ಕಾಗಲಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಗಾಗಲಿ ಅದು ಸುಲಭಕ್ಕೆ ಜಗ್ಗುವುದಿಲ್ಲ.

1959ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಕಂಪನಿ ಬ್ಯಾಕ್ಟೀರಿಯಾದ ಕಿಣ್ವವಿರುವ ‘ಬಯೊ 40’ ಎಂಬ ಒಗೆಯುವ ಪುಡಿಯನ್ನು ಮಾರಾಟಕ್ಕಿಟ್ಟಿತು. ನಿಜವಾದ ತಿರುವು ಬಂದದ್ದು ಡೆನ್ಮಾರ್ಕಿನ ನೋವೊ ಕಂಪನಿಯಿಂದ. 1925ರಲ್ಲಿ ಇನ್ಸುಲಿನ್ ತಯಾರಿಕೆಗೆಂದು ಹುಟ್ಟಿದ ಈ ಸಂಸ್ಥೆಗೆ ಪ್ರಾಣಿಗಳ ಮೇದೋಜೀರಕ ಗ್ರಂಥಿ ಹೊಸದಲ್ಲ. ಅದೇ ಗ್ರಂಥಿಯಿಂದ ಟ್ರಿಪ್ಸಿನ್ ತೆಗೆದು ಚರ್ಮೋದ್ಯಮಕ್ಕೆ ಮಾರಿದ ಅನುಭವವೂ ಇತ್ತು. 1960ರ ದಶಕದ ಆರಂಭದಲ್ಲಿ ಅದು ಸಬ್ಟಿಲಿಸಿನ್ನನ್ನು ‘ಆಲ್ಕಲೇಸ್’ ಎಂಬ ಹೆಸರಿನಲ್ಲಿ ಹೊರತಂದಿತು. ಅದನ್ನು ಬೆರೆಸಿದ ‘ಬಯೊಟೆಕ್ಸ್’ ಹಾಲೆಂಡಿನಲ್ಲಿ ಮನೆಮಾತಾಯಿತು. ಆಮೇಲೆ ದೊಡ್ಡ ಕಂಪನಿಗಳೂ ಹಿಂದೆ ಬೀಳಲಿಲ್ಲ. ಏರಿಯಲ್‌ನಂಥ ಹೊಸ ಪುಡಿಗಳು ಬಂದವು. ಹಳೆಯ ಹೆಸರಿನ ಪುಡಿಗಳಿಗೂ ಕಿಣ್ವ ಸೇರಿತು. ದಶಕದ ಕೊನೆಗೆ ಕಿಣ್ವವಿಲ್ಲದ ಪುಡಿ ಹಳೆಯ ಕಾಲದ್ದು ಎನ್ನುವ ಭಾವನೆ ಪಶ್ಚಿಮ ಯುರೋಪಿನ ಮನೆಗಳಲ್ಲಿ ನೆಲೆಸಿತ್ತು.

ಕಾರ್ಖಾನೆಯ ಒಳಗಿನ ಚಿತ್ರ ಬೇರೆ. ಆಗ ಕಿಣ್ವ ಬರುತ್ತಿದ್ದದ್ದು ಹಿಟ್ಟಿನಷ್ಟು ನುಣುಪಾದ ಪುಡಿಯಾಗಿ, ಪೀಪಾಯಿಗಳಲ್ಲಿ ತುಂಬಿಕೊಂಡು. ಕಾರ್ಮಿಕನೊಬ್ಬ ಪೀಪಾಯಿಯ ಮುಚ್ಚಳ ತೆಗೆದು, ಅದನ್ನು ಎತ್ತಿ ಬೆರೆಸುವ ಯಂತ್ರದ ಬಾಯಿಗೆ ಸುರಿಯುತ್ತಿದ್ದ. ಸುರಿದಾಗಲೆಲ್ಲ ಏಳುವ ಧೂಳು ತೊಲೆ, ಕೊಳವೆ, ಕಿಟಕಿಯ ಅಂಚಿನ ಮೇಲೆ ಕೂರುತ್ತಿತ್ತು. ಚೆಲ್ಲಿದ್ದನ್ನು ಪೊರಕೆಯಿಂದ ಗುಡಿಸಿದರೆ, ಯಂತ್ರಕ್ಕೆ ಹತ್ತಿದ್ದನ್ನು ಗಾಳಿಯ ಕೊಳವೆಯಿಂದ ಊದಿದರೆ ಧೂಳು ಮತ್ತೆ ಏಳುತ್ತಿತ್ತು. ಪೊಟ್ಟಣ ತುಂಬುವ ಸಾಲಿನಲ್ಲಿ ಹರಿದ ಪೊಟ್ಟಣಗಳಿಂದಲೂ ಅದೇ ಪಾಡು. ಕಣ್ಣಿಗೆ ಕಾಣುವ ದಪ್ಪ ಕಣಗಳು ಮೂಗಿನಲ್ಲೇ ತಡೆಯುತ್ತವೆ. ಸುಮಾರು ಹತ್ತು ಮೈಕ್ರಾನಿಗಿಂತ ಸಣ್ಣ ಕಣಗಳು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತ ಶ್ವಾಸಕೋಶದ ಕಿರುನಾಳಗಳವರೆಗೂ ಇಳಿಯಬಲ್ಲವು. ಒದ್ದೆ ಕೈಗೆ ಪುಡಿ ತಾಗಿದವರ ಬೆರಳತುದಿಯ ಚರ್ಮ ಸವೆದು ಕೆಂಪಾಗುತ್ತಿತ್ತು. ಅದು ಅಲರ್ಜಿಯೇನಲ್ಲ, ಚರ್ಮವೂ ಪ್ರೋಟೀನೇ ಆದ್ದರಿಂದ ಕಿಣ್ವ ತನ್ನ ಕೆಲಸ ಮಾಡುತ್ತಿತ್ತು, ಅಷ್ಟೆ. ಆ ಬೆರಳುಗಳು ಕೊಟ್ಟ ಸೂಚನೆಯನ್ನು ಯಾರಾದರೂ ಆಗಲೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಎಷ್ಟೋ ಜನರ ಉಸಿರು ಉಳಿಯುತ್ತಿತ್ತು.

ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿ ಕಾರ್ಮಿಕರ ಎದೆಯ ತೊಂದರೆಯನ್ನು ಬೆನ್ನುಹತ್ತಿದವರು ಕೈಗಾರಿಕಾ ವೈದ್ಯ ಎಂ. ಎಲ್. ಎಚ್. ಫ್ಲಿಂಡ್ಟ್. ಕಿಣ್ವದ ಪುಡಿಯ ಸಂಪರ್ಕವಿದ್ದವರಲ್ಲೇ ಕೆಮ್ಮು, ಉಸಿರುಗಟ್ಟುವಿಕೆ ಕಾಣಿಸಿಕೊಳ್ಳುವುದನ್ನೂ, ಸಂಪರ್ಕ ತಪ್ಪಿದಾಗ ಕಡಿಮೆಯಾಗುವುದನ್ನೂ ಅವರು ಗಮನಿಸಿದರು. ಅವರ ಲೇಖನ 1969ರ ಜೂನ್ ತಿಂಗಳಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ಸಂಚಿಕೆಯಲ್ಲಿ, ಅದರ ಬೆನ್ನಿಗೇ, ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯ ಜ್ಯಾಕ್ ಪೆಪಿಸ್ ಮತ್ತು ಸಂಗಡಿಗರ ಲೇಖನವಿತ್ತು. ಹುಳಿತ ಹುಲ್ಲಿನ ಧೂಳಿನಿಂದ ರೈತರಿಗೆ ಬರುವ ಶ್ವಾಸಕೋಶದ ಕಾಯಿಲೆಯ ಬಗ್ಗೆ ಪೆಪಿಸ್ ಅದಾಗಲೇ ಮಹತ್ವದ ಕೆಲಸ ಮಾಡಿದ್ದರು. ಕಾರ್ಮಿಕರ ಚರ್ಮಕ್ಕೆ ಕಿಣ್ವದ ತೆಳು ದ್ರಾವಣ ಚುಚ್ಚಿದಾಗ ಕೆಲವೇ ನಿಮಿಷಗಳಲ್ಲಿ ದದ್ದು ಎದ್ದಿತು. ಆಸ್ಪತ್ರೆಯ ನಿಗಾದಲ್ಲಿ ಅತ್ಯಲ್ಪ ಪ್ರಮಾಣವನ್ನು ಉಸಿರಾಡಿಸಿ ನೋಡಿದಾಗ ಶ್ವಾಸನಾಳ ಬಿಗಿಯಿತು.

ಆ ಉಸಿರಾಟದ ಪರೀಕ್ಷೆಗಳು ಒಂದು ಮುಖ್ಯ ಸಂಗತಿಯನ್ನು ಬಯಲಿಗೆ ತಂದವು. ಕೆಲವರಿಗೆ ಕಿಣ್ವ ಉಸಿರಾಡಿದ ಕೂಡಲೇ ದಮ್ಮು ಕಟ್ಟಿ, ಒಂದೆರಡು ಗಂಟೆಯಲ್ಲಿ ಇಳಿಯುತ್ತಿತ್ತು. ಇನ್ನು ಕೆಲವರಿಗೆ ಆ ಹೊತ್ತಿಗೆ ಏನೂ ಆಗದೆ, ಗಂಟೆಗಳ ನಂತರ ನಿಧಾನವಾಗಿ ಉಬ್ಬಸ ಏರಿ ರಾತ್ರಿಯಿಡೀ ಕಾಡುತ್ತಿತ್ತು. ಎರಡೂ ಬಗೆ ಒಬ್ಬರಲ್ಲೇ ಕಾಣುವುದೂ ಇತ್ತು. ಬೆಳಗಿನ ಪಾಳಿ ಮುಗಿಸಿ ಮನೆಗೆ ಹೋದ ಕಾರ್ಮಿಕ ರಾತ್ರಿ ಹಾಸಿಗೆಯಲ್ಲಿ ಎದ್ದು ಕೂತು ಉಸಿರಿಗಾಗಿ ಒದ್ದಾಡಿದರೆ, ಅದಕ್ಕೂ ಕಾರ್ಖಾನೆಗೂ ಸಂಬಂಧವಿದೆ ಎಂದು ಅವನಿಗೂ ತೋಚುವುದಿಲ್ಲ, ಊರಿನ ವೈದ್ಯರಿಗೂ ತೋಚುವುದಿಲ್ಲ. ನೆಗಡಿ, ಸಿಗರೇಟು, ಹವೆ ಎಂದು ಬೇರೆ ಬೇರೆ ಕಾರಣಗಳ ಮೇಲೆ ತಪ್ಪು ಹೊರಿಸಲು ಅವಕಾಶ ಹೇರಳ. ಕೆಲಸಕ್ಕೆ ಸೇರಿ ತಿಂಗಳುಗಟ್ಟಲೆ ಏನೂ ಆಗದೆ ಆಮೇಲೆ ಕಾಯಿಲೆ ಶುರುವಾಗುವುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು.

ಈ ವಿಳಂಬಗಳಿಗೆ ಉತ್ತರ ಕೊಡಬಲ್ಲ ಜ್ಞಾನ ಆಗಷ್ಟೇ ಕೈಗೆ ಬಂದಿತ್ತು. 1921ರಲ್ಲಿ ಜರ್ಮನಿಯ ಕಾರ್ಲ್ ಪ್ರೌಸ್‌ನಿಟ್ಸ್ ಮೀನಿನ ಅಲರ್ಜಿಯಿದ್ದ ಸಹೋದ್ಯೋಗಿ ಹೈಂಜ್ ಕ್ಯೂಸ್ಟ್ನರ್‌ನ ರಕ್ತದ ಸೀರಮ್ಮನ್ನು ತನ್ನ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿ, ದದ್ದು ಏಳುವುದನ್ನು ತೋರಿಸಿದ್ದ. ಅಲರ್ಜಿಯನ್ನು ಹೊತ್ತು ಒಯ್ಯುವ ಏನೋ ಒಂದು ರಕ್ತದಲ್ಲಿದೆ ಎಂದು ಅದರಿಂದ ಸಿದ್ಧವಾಯಿತು. ಅದು ಏನೆಂದು ತಿಳಿಯಲು 45 ವರ್ಷ ಹಿಡಿಯಿತು. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಕಿಮಿಶಿಗೆ ಮತ್ತು ಟೆರುಕೊ ಇಶಿಜಾಕಾ ದಂಪತಿ ಅದು ಹೊಸ ವರ್ಗದ ಪ್ರತಿಕಾಯ ಎಂದು ತೋರಿಸಿದರು. ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನಿಕ್ ಬೇರೆ ದಾರಿಯಲ್ಲಿ ಅದೇ ಪ್ರತಿಕಾಯವನ್ನು ಕಂಡರು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಐಜಿಇ ಎಂದು ಹೆಸರಿಟ್ಟಿತು. ಅದಾದ ಮರುವರ್ಷವೇ ಪೆಪಿಸ್ ತಂಡದ ವರದಿ ಬಂತು. ಡಿಟರ್ಜೆಂಟ್ ಕಾರ್ಮಿಕರ ಕಾಯಿಲೆ ಹೀಗೆ ಅಲರ್ಜಿ ವಿಜ್ಞಾನದ ಹೊಸ ತಿಳಿವಳಿಕೆಗೆ ಒದಗಿದ ಮೊದಲ ದೊಡ್ಡ ಕೈಗಾರಿಕಾ ಪರೀಕ್ಷೆಗಳಲ್ಲಿ ಒಂದಾಯಿತು.

ಐಜಿಇ ನಡೆಸುವ ಕ್ರಿಯೆ ಎರಡು ಹಂತದ್ದು. ಹೊರಗಿನ ಪ್ರೋಟೀನು ಮೊದಮೊದಲು ಬಂದಾಗ ದೇಹ ಸದ್ದಿಲ್ಲದೆ ಅದರ ವಿರುದ್ಧ ಐಜಿಇ ತಯಾರಿಸುತ್ತದೆ. ಈ ಪ್ರತಿಕಾಯಗಳು ಶ್ವಾಸನಾಳದ ಗೋಡೆಯಲ್ಲಿರುವ ಮಾಸ್ಟ್ ಕೋಶಗಳ ಮೈಗೆ ಅಂಟಿಕೊಂಡು ಕಾಯುತ್ತವೆ. ಮತ್ತೊಮ್ಮೆ ಅದೇ ಪ್ರೋಟೀನು ಬಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದುಕೊಂಡಾಗ ಮಾಸ್ಟ್ ಕೋಶ ಕೆಲವೇ ನಿಮಿಷಗಳಲ್ಲಿ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಚೆಲ್ಲುತ್ತದೆ. ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಲೋಳೆ ಹೆಚ್ಚುತ್ತದೆ. ಇದು ಕೂಡಲೇ ಕಾಣುವ ದಮ್ಮು. ತಡವಾಗಿ ಏರುವ ಉಬ್ಬಸಕ್ಕೆ ರಕ್ತದಿಂದ ನಾಳದ ಗೋಡೆಗೆ ಹರಿದುಬರುವ ಬಿಳಿರಕ್ತಕಣಗಳು, ಮುಖ್ಯವಾಗಿ ಇಯೋಸಿನೋಫಿಲ್‌ಗಳು, ಕಾರಣ. ಐಜಿಇ ತಯಾರಾಗುವ ಅವಧಿಯೇ ಕಾರ್ಮಿಕರು ಕಂಡ ತಿಂಗಳುಗಳ ಮೌನ.

ಸುದ್ದಿ ಹರಡಿದ ಮೇಲೆ ಆತಂಕ ಹೊರಳಿದ್ದು ಕಾರ್ಮಿಕರ ಕಡೆಗಲ್ಲ, ಗ್ರಾಹಕರ ಕಡೆಗೆ. ಕಿಣ್ವದ ಪುಡಿ ಬಳಸಿದ ಕೆಲವರಲ್ಲೂ ಅಲರ್ಜಿ ಕಂಡಿದೆ ಎಂದು 1970ರಲ್ಲಿ ಸ್ವೀಡನ್ನಿನಿಂದ ವರದಿ ಬಂತು. ಅಮೆರಿಕದಲ್ಲಿ ಜನರ ಭಯ ಜೋರಾಗಿ, ದೊಡ್ಡ ತಯಾರಕರು ತಮ್ಮ ಪುಡಿಗಳಿಂದ ಕಿಣ್ವವನ್ನು ತೆಗೆದುಹಾಕಿದರು. ಡೆನ್ಮಾರ್ಕಿನ ಕಿಣ್ವ ಉದ್ಯಮ ತತ್ತರಿಸಿತು. 1971ರ ಕೊನೆಯಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ ಮನೆಬಳಕೆಯಲ್ಲಿ ಹೇಳಿಕೊಳ್ಳುವಂಥ ಅಪಾಯವಿಲ್ಲ ಎಂದು ತೀರ್ಮಾನಿಸಿತು. ಆ ತೀರ್ಮಾನ ಸರಿಯೇ ಇತ್ತು. ಮನೆಯಲ್ಲಿ ಏಳುವ ಕಿಣ್ವದ ಧೂಳು ಕಾರ್ಖಾನೆಯ ಧೂಳಿನ ಮುಂದೆ ಏನೇನೂ ಅಲ್ಲ. ಆದರೆ ಗ್ರಾಹಕರಿಗೆ ಅಭಯ ಸಿಕ್ಕ ಕೂಡಲೇ ಸಾರ್ವಜನಿಕ ಚರ್ಚೆ ತಣ್ಣಗಾದದ್ದು ನೋಯಿಸುವ ಸಂಗತಿ. ಉಬ್ಬಸ ಹೆಚ್ಚಾಗಿ ಬಂದದ್ದು ಪುಡಿ ಕೊಂಡವರಿಗಲ್ಲ, ಪುಡಿ ಮಾಡಿದವರಿಗೆ. ಅವರ ವಿಷಯ ಅಲ್ಲಿಂದ ಮುಂದೆ ಕಂಪನಿಯ ವೈದ್ಯರು, ಎಂಜಿನಿಯರುಗಳು, ಕಾರ್ಖಾನೆ ಇನ್‌ಸ್ಪೆಕ್ಟರುಗಳ ನಡುವಿನದಾಗಿ ಉಳಿಯಿತು.

ಆ ನಡುವಿನ ಕೆಲಸ ಮಾತ್ರ ಗಟ್ಟಿಯಾಗಿಯೇ ನಡೆಯಿತು. ಮೊದಲ ಹೆಜ್ಜೆ ಪುಡಿಯನ್ನೇ ಇಲ್ಲವಾಗಿಸುವುದು. ಕಿಣ್ವವನ್ನು ಮೇಣದಂಥ ವಸ್ತುವಿನಲ್ಲಿ ಬೆರೆಸಿ ಸಣ್ಣ ಗುಂಡುಗಳಾಗಿ ಗಟ್ಟಿಗೊಳಿಸಲಾಯಿತು. ಮುಂದೆ ಉಪ್ಪು, ಸೆಲ್ಯುಲೋಸ್ ನಾರುಗಳ ಜೊತೆ ಕಟ್ಟಿ ಮೇಲೆ ಲೇಪ ಹಚ್ಚಿದ, ಉಜ್ಜಿದರೂ ಸುಲಭವಾಗಿ ಒಡೆಯದ ಕಾಳುಗಳು ಬಂದವು. ಯಂತ್ರಗಳಿಗೆ ಮುಚ್ಚು ಹಾಕಿ ಗಾಳಿ ಹೀರುವ ವ್ಯವಸ್ಥೆ ಮಾಡಿದರು. ಪೊರಕೆಯ ಜಾಗಕ್ಕೆ ಸೋಸುಪದರವಿರುವ ನಿರ್ವಾತ ಯಂತ್ರ ಬಂತು. ಬ್ರಿಟನ್ನಿನ ಸೋಪು ಮತ್ತು ಡಿಟರ್ಜೆಂಟ್ ಉದ್ಯಮದ ಸಂಘ 1971ರಲ್ಲಿ ಎಲ್ಲ ತಯಾರಕರಿಗೂ ಅನ್ವಯಿಸುವ ಕಾರ್ಯಸೂತ್ರಗಳನ್ನು ಹೊರಡಿಸಿತು. ಅಲರ್ಜಿಯ ಪ್ರವೃತ್ತಿ ಇರುವವರು ಬೇಗ ಕಾಯಿಲೆ ಬೀಳುತ್ತಾರೆಂದು ಅಂಥವರನ್ನು ಕೆಲಸಕ್ಕೆ ತೆಗೆದುಕೊಳ್ಳದ ಪದ್ಧತಿಯೂ ಕೆಲಕಾಲ ನಡೆಯಿತು. ಗಾಳಿಯನ್ನು ಶುಚಿ ಮಾಡುವ ಬದಲು ಜನರನ್ನು ಜರಡಿ ಹಿಡಿಯುವ ಈ ಕ್ರಮ ಅನ್ಯಾಯದ್ದಾಗಿತ್ತು. ಧೂಳು ಕಡಿಮೆಯಾಗುತ್ತ ಹೋದಂತೆ ಅದಕ್ಕಿದ್ದ ಸಮರ್ಥನೆಯೂ ಸಡಿಲವಾಯಿತು.

ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘಟನೆ ಸಬ್ಟಿಲಿಸಿನ್ನಿಗೆ ನಿಗದಿಪಡಿಸಿದ ಮಿತಿ ಒಂದು ಘನ ಮೀಟರ್ ಗಾಳಿಗೆ 60 ನ್ಯಾನೊಗ್ರಾಂ. ಒಂದೇ ಒಂದು ಗ್ರಾಂ ಶುದ್ಧ ಕಿಣ್ವವನ್ನು 1.6 ಕೋಟಿ ಘನ ಮೀಟರಿಗೂ ಹೆಚ್ಚು ಗಾಳಿಯಲ್ಲಿ ಹರಡಿದರೆ ಮಾತ್ರ ಅದು ಈ ಮಿತಿಗೆ ಇಳಿಯುತ್ತದೆ. ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ವಸ್ತುಗಳಲ್ಲಿ ಇಷ್ಟು ಬಿಗಿಯಾದ ಮಿತಿ ಇರುವಂಥವು ಬಹಳ ಕಡಿಮೆ. ಅದನ್ನು ಅಳೆಯಲು ಗಂಟೆಗಟ್ಟಲೆ ಗಾಳಿಯನ್ನು ಗಾಜಿನ ನಾರಿನ ಸೋಸುಹಾಳೆಯ ಮೂಲಕ ಎಳೆದು, ಹಾಳೆಯಲ್ಲಿ ಸಿಕ್ಕಿಕೊಂಡ ಕಿಣ್ವದ ಚಟುವಟಿಕೆಯನ್ನು ಪರೀಕ್ಷಿಸಬೇಕಾಗುತ್ತಿತ್ತು. 1982ರಲ್ಲಿ ಬ್ರಿಟನ್ ವೃತ್ತಿಜನ್ಯ ಉಬ್ಬಸವನ್ನು ಪರಿಹಾರಕ್ಕೆ ಅರ್ಹವಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದಾಗ ಮೊದಲು ಹೆಸರಿಸಿದ ಏಳು ಬಗೆಯ ಕಾರಣಗಳಲ್ಲಿ ಪ್ರೋಟೀನು ಕತ್ತರಿಸುವ ಕಿಣ್ವಗಳೂ ಇದ್ದವು.

ಸ್ರವಿಸಿದ ಪ್ರೋಟೀನಿನ ಜೊತೆ ಕೆಲಸ ಮಾಡುವ ಕಸುಬುಗಳು ಕರ್ನಾಟಕಕ್ಕೂ ಹೊಸವಲ್ಲ. ರೇಷ್ಮೆ ಹುಳುವಿನ ಗ್ರಂಥಿಯಿಂದ ಹೊರಬರುವ ಎಳೆ ಪ್ರೋಟೀನಿನದೇ. ಗೂಡು ಬೇಯಿಸಿ ನೂಲು ತೆಗೆಯುವವರ ಸುತ್ತ ಅದರ ಅಂಟಿನ ಮತ್ತು ಗೂಡಿನೊಳಗಿನ ಹುಳುವಿನ ಅಂಶಗಳು ಹಬೆಯಲ್ಲಿ, ಧೂಳಿನಲ್ಲಿ ಸದಾ ಇರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು ಫಿಲೇಚರ್ (ರೇಷ್ಮೆ ನೂಲು ತೆಗೆಯುವ ಕಾರ್ಖಾನೆ) ಕಾರ್ಮಿಕರ ಉಬ್ಬಸವನ್ನು ಅಭ್ಯಸಿಸಿ 1985ರಲ್ಲಿ ಪ್ರಕಟಿಸಿದ ವರದಿ ಅಲ್ಲಿಯೂ ಐಜಿಇ ಮೂಲಕವೇ ಕಾಯಿಲೆ ಬರುತ್ತದೆಂದು ತೋರಿಸಿತು. ಕೈಗಾರಿಕಾ ಕಿಣ್ವಗಳ ತಯಾರಿಕೆಯೂ ಇಲ್ಲಿ ಬೇರೂರಿತು. 1978ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಯೋಕಾನ್‌ನ ಮೊದಲ ಸರಕುಗಳಲ್ಲಿ ಪಪ್ಪಾಯಿಯ ಹಾಲಿನಿಂದ ತೆಗೆಯುವ ಪಪೇನ್ ಒಂದು. ಪಪೇನ್ ಕೂಡ ಪ್ರೋಟೀನನ್ನು ತುಂಡರಿಸುವ ಕಿಣ್ವ. ಅದರ ಧೂಳಿನಿಂದ ಉಬ್ಬಸ ಬರುವುದು ಬೇರೆ ದೇಶಗಳ ಕಾರ್ಮಿಕರಲ್ಲಿ ವರದಿಯಾಗಿತ್ತು; ಮುಂದೆ ಅಲರ್ಜಿಯ ಪ್ರಯೋಗಾಲಯಗಳಲ್ಲಿ ಅದು ಬಹಳ ಬಳಕೆಗೆ ಬಂತು.

1980ರ ದಶಕದಲ್ಲಿ ಒಗೆಯುವ ಪುಡಿಯ ಕಿಣ್ವದ ಉದ್ಯಮ ಮತ್ತೆ ಚೇತರಿಸಿಕೊಂಡಿತು. ಬ್ಲೀಚಿಗೆ ಹಾಳಾಗದಂತೆ ಸಬ್ಟಿಲಿಸಿನ್ನಿನ ಒಂದು ಅಮೈನೊ ಆಮ್ಲವನ್ನು ಬದಲಿಸುವ ಕೆಲಸವನ್ನು ಅಮೆರಿಕದ ವಿಜ್ಞಾನಿಗಳು 1985ರಲ್ಲಿ ಸಾಧಿಸಿದರು. 1988ರಲ್ಲಿ ನೋವೊ ಕುಲಾಂತರಿ ಶಿಲೀಂಧ್ರದಿಂದ ತಯಾರಿಸಿದ, ಜಿಡ್ಡು ಕರಗಿಸುವ ಕಿಣ್ವವನ್ನು ಮಾರುಕಟ್ಟೆಗೆ ತಂದಿತು. ಪಿಷ್ಟ ಒಡೆಯುವ ಅಮೈಲೇಸ್, ಹತ್ತಿಯ ಜುಂಗು ತೆಗೆಯುವ ಸೆಲ್ಯುಲೇಸ್ ಕೂಡ ಪುಡಿಗೆ ಸೇರಿದವು. ಕಾಯಿಲೆ ಹಳೆಯ ಕಥೆ ಎಂಬ ನೆಮ್ಮದಿ ಹರಡಿತ್ತು. ಪಾಲ್ ಕಲಿನನ್ ಮತ್ತು ಸಂಗಡಿಗರು 2000ದಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ವರದಿ ಆ ನೆಮ್ಮದಿಯನ್ನು ಕೆಡಿಸಿತು. ಲೇಪ ಹಚ್ಚಿದ ಕಾಳುಗಳನ್ನು ಮಾತ್ರ ಬಳಸುತ್ತಿದ್ದ ಆಧುನಿಕ ಕಾರ್ಖಾನೆಯೊಂದರಲ್ಲಿ 342 ಕಾರ್ಮಿಕರನ್ನು ಪರೀಕ್ಷಿಸಿದಾಗ ಸುಮಾರು ಕಾಲು ಭಾಗದಷ್ಟು ಜನರ ದೇಹ ಒಂದಲ್ಲ ಒಂದು ಕಿಣ್ವದ ವಿರುದ್ಧ ಸಜ್ಜಾಗಿತ್ತು. ಕಾಳು ಗಟ್ಟಿಯಾಗಿದ್ದರೆ ಸಾಲದು. ಅದು ಯಂತ್ರದ ಹಲ್ಲುಗಳ ನಡುವೆ, ಕಾಲಿನ ಅಡಿಯಲ್ಲಿ ಪುಡಿಯಾಗುತ್ತದೆ. ಲೇಪವೊಂದನ್ನೇ ನಂಬಿ ಗಾಳಿಯ ನಿಗಾ ಸಡಿಲಿಸುವಂತಿಲ್ಲ ಎಂಬುದು ಆ ವರದಿಯಿಂದ ಸ್ಪಷ್ಟವಾಯಿತು.

ಇಷ್ಟು ಅಲ್ಪ ಪ್ರಮಾಣದ ಪ್ರೋಟೀನು ಇಷ್ಟು ಜನರಲ್ಲಿ ಅಲರ್ಜಿ ಹುಟ್ಟಿಸುವುದೇಕೆ ಎಂಬ ಪ್ರಶ್ನೆ ಉಳಿದೇ ಇತ್ತು. ನಾವು ದಿನವೂ ನಾನಾ ಪ್ರೋಟೀನುಗಳನ್ನು ಉಸಿರಾಡುತ್ತೇವೆ. ಹೆಚ್ಚಿನವನ್ನು ದೇಹ ಲೆಕ್ಕಕ್ಕೇ ಇಡುವುದಿಲ್ಲ. ಸುಳಿವು ಸಿಕ್ಕಿದ್ದು ಮನೆಯ ಧೂಳಿನ ನುಸಿಯಿಂದ. ನುಸಿಯ ಮುಖ್ಯ ಅಲರ್ಜಿಕಾರಕವಾದ ಡರ್ ಪಿ 1 ಪಪೇನಿನ ವಂಶಕ್ಕೆ ಸೇರಿದ, ಪ್ರೋಟೀನು ಕತ್ತರಿಸುವ ಕಿಣ್ವ ಎಂದು 1988ರಲ್ಲಿ ಗೊತ್ತಾಯಿತು. ಶ್ವಾಸನಾಳದ ಒಳಪದರದ ಕೋಶಗಳನ್ನು ಒಂದಕ್ಕೊಂದು ಬಿಗಿಯಾಗಿ ಹೊಲಿದಿಡುವ ಪ್ರೋಟೀನುಗಳ ಕಟ್ಟನ್ನು ಅದು ಬಿಚ್ಚುತ್ತದೆಂದು 1999ರಲ್ಲಿ ತೋರಿಸಲಾಯಿತು. ಅಂದರೆ ಕಿಣ್ವ ಬಾಗಿಲು ಬಡಿಯದೆ ಗೋಡೆಯನ್ನೇ ಬಿರಿದು ಒಳಬರುತ್ತದೆ.

ಒಳಪದರದ ಕೋಶಗಳು ಈ ಆಕ್ರಮಣವನ್ನು ಸುಮ್ಮನೆ ಸಹಿಸುವುದಿಲ್ಲ. ಅವುಗಳ ಮೈಮೇಲೆ ಪಾರ್-2 ಎಂಬ ಗ್ರಾಹಕವಿದೆ. ಕಿಣ್ವ ಅದರ ಹೊರತುದಿಯನ್ನು ಕತ್ತರಿಸಿದರೆ ಉಳಿದ ತುದಿ ಅದೇ ಗ್ರಾಹಕಕ್ಕೆ ತಾಗಿ ಅದನ್ನು ಚಾಲೂ ಮಾಡುತ್ತದೆ. ಆಗ ಕೋಶ ತನ್ನದೇ ಎಚ್ಚರಿಕೆಯ ಪ್ರೋಟೀನುಗಳನ್ನು ಹೊರಬಿಡುತ್ತದೆ. ಅವುಗಳಲ್ಲಿ ಮುಖ್ಯವಾದವು ಟಿಎಸ್‌ಎಲ್‌ಪಿ ಮತ್ತು 2005ರಲ್ಲಿ ಗುರುತಿಸಲ್ಪಟ್ಟ ಇಂಟರ್‌ಲ್ಯೂಕಿನ್-33. ಟಿಎಸ್‌ಎಲ್‌ಪಿ ಡೆಂಡ್ರಿಟಿಕ್ ಕೋಶಗಳನ್ನು ಎಚ್ಚರಿಸಿ ಅಲರ್ಜಿಯ ಟಿ ಕೋಶಗಳ ತಯಾರಿಗೆ ದಾರಿ ಮಾಡುತ್ತದೆ. ಇಂಟರ್‌ಲ್ಯೂಕಿನ್-33ರ ಕರೆಗೆ ಓಗೊಡುವವುಗಳಲ್ಲಿ ಐಎಲ್‌ಸಿ2 ಎಂಬ ಲಿಂಫಾಯ್ಡ್ ಕೋಶಗಳಿವೆ. 2010ರಲ್ಲಿ ಬೇರೆ ಬೇರೆ ತಂಡಗಳು ವರದಿ ಮಾಡಿದ ಈ ಕೋಶಗಳಿಗೆ ಅಲರ್ಜಿಕಾರಕದ ಪೂರ್ವಪರಿಚಯ ಬೇಕಿಲ್ಲ. ಎಚ್ಚರಿಕೆ ಸಿಕ್ಕ ಕೂಡಲೇ ಅವು ಇಂಟರ್‌ಲ್ಯೂಕಿನ್-5 ಮತ್ತು 13ನ್ನು ಸುರಿಸತೊಡಗುತ್ತವೆ. ಮೊದಲನೆಯದು ಇಯೋಸಿನೋಫಿಲ್‌ಗಳನ್ನು ಬೆಳೆಸಿ ಕರೆತರುತ್ತದೆ; ಎರಡನೆಯದು ಲೋಳೆ ಹೆಚ್ಚಿಸಿ ನಾಳವನ್ನು ಸಿಡುಕಾಗಿಸುತ್ತದೆ.

ಡಿಟರ್ಜೆಂಟಿನ ಕಿಣ್ವವನ್ನೇ ನೇರವಾಗಿ ಎತ್ತಿಕೊಂಡ ಅಧ್ಯಯನ ಬಂದದ್ದು 2015ರಲ್ಲಿ. ಎಸ್ತರ್ ಫ್ಲೋರ್ಸ್‌ಹೈಮ್ ಮತ್ತು ಸಂಗಡಿಗರು ಇಲಿಗಳಿಗೆ ಸಬ್ಟಿಲಿಸಿನ್ ಕೊಟ್ಟು ನೋಡಿದರು. ಇಯೋಸಿನೋಫಿಲ್‌ಗಳ ದಂಡು, ಲೋಳೆ, ರಕ್ತದಲ್ಲಿ ಐಜಿಇ, ಬಿಗಿಯುವ ಶ್ವಾಸನಾಳ, ಹೀಗೆ ಕಾರ್ಮಿಕರ ಕಾಯಿಲೆಯ ಲಕ್ಷಣಗಳೆಲ್ಲ ಕಂಡವು. ಆದರೆ ಕತ್ತರಿಸುವ ಶಕ್ತಿ ಕಳೆದ ಸಬ್ಟಿಲಿಸಿನ್ ಅಂಥ ಪರಿಣಾಮ ಮಾಡಲಿಲ್ಲ. ಪಾರ್-2 ಇಲ್ಲದ, ಇಂಟರ್‌ಲ್ಯೂಕಿನ್-33ರ ಗ್ರಾಹಕವಿಲ್ಲದ ಇಲಿಗಳಲ್ಲೂ ಪ್ರತಿಕ್ರಿಯೆ ಕುಂದಿತು. ಇನ್ನೊಂದು ಸಂಗತಿಯೂ ಹೊರಬಂತು: ಸಬ್ಟಿಲಿಸಿನ್ ಜೊತೆಗಿದ್ದರೆ, ತಾನಾಗಿ ಅಲರ್ಜಿ ಹುಟ್ಟಿಸದ ಬೇರೊಂದು ಪ್ರೋಟೀನಿನ ವಿರುದ್ಧವೂ ದೇಹ ಅಲರ್ಜಿ ಬೆಳೆಸಿಕೊಂಡಿತು. ಪ್ರೋಟೀನು ಕತ್ತರಿಸಲಾರದ ಅಮೈಲೇಸ್‌ಗೂ ಡಿಟರ್ಜೆಂಟ್ ಕಾರ್ಮಿಕರು ಅಲರ್ಜಿ ಬೆಳೆಸಿಕೊಳ್ಳುವುದರ ಹಿಂದೆ ಇಂಥ ಜೊತೆಗಾರಿಕೆಯೂ ಇರಬಲ್ಲದು. 2018ರಲ್ಲಿ ಫ್ರಾನ್ಸಿನ ತುಲೂಸ್‌ನ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇಂಟರ್‌ಲ್ಯೂಕಿನ್-33ರ ನಡುಭಾಗವೇ ಕಿಣ್ವಗಳನ್ನು ಪತ್ತೆಹಚ್ಚುವ ಸಾಧನ. ಶಿಲೀಂಧ್ರ, ನುಸಿ, ಬ್ಯಾಕ್ಟೀರಿಯಾ, ಪರಾಗ ಹೀಗೆ ಎಲ್ಲಿಂದ ಬಂದ ಕಿಣ್ವವೇ ಆಗಲಿ ಅಲ್ಲಿ ಕತ್ತರಿಸಿದ ಕೂಡಲೇ ಆ ಪ್ರೋಟೀನಿನ ಬಲ ಹಲವು ಪಟ್ಟು ಏರುತ್ತದೆ ಎಂದು ಅವರು ತೋರಿಸಿದರು.

ಈ ಸರಪಳಿಯ ಕೆಲವು ಕೊಂಡಿಗಳಿಗೆ ಈಗ ಔಷಧವಿದೆ. ಐಜಿಇಯನ್ನು ಹಿಡಿಯುವ ಓಮಲಿಜುಮ್ಯಾಬ್‌ಗೆ ಅಮೆರಿಕದಲ್ಲಿ 2003ರಲ್ಲಿ, ಇಂಟರ್‌ಲ್ಯೂಕಿನ್-5ನ್ನು ತಡೆಯುವ ಮೆಪೊಲಿಜುಮ್ಯಾಬ್‌ಗೆ 2015ರಲ್ಲಿ, ಟಿಎಸ್‌ಎಲ್‌ಪಿಯನ್ನು ತಡೆಯುವ ಟೆಜೆಪೆಲುಮ್ಯಾಬ್‌ಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಇವು ತೀವ್ರ ಉಬ್ಬಸದ ರೋಗಿಗಳಿಗಾಗಿ ಬಂದ ದುಬಾರಿ ಚುಚ್ಚುಮದ್ದುಗಳು. ಕಿಣ್ವದ ಧೂಳಿನಿಂದ ಉಬ್ಬಸ ಬಂದ ಕಾರ್ಮಿಕನಿಗೆ ಮೊದಲ ಚಿಕಿತ್ಸೆ ಈಗಲೂ ಆ ಧೂಳಿನಿಂದ ದೂರವಾಗುವುದೇ. ರೋಗಲಕ್ಷಣ ಕಂಡ ಮೇಲೂ ಅದೇ ಕೆಲಸದಲ್ಲಿ ಮುಂದುವರಿದಷ್ಟೂ ಉಬ್ಬಸ ಶಾಶ್ವತವಾಗುವ ಸಂಭವ ಹೆಚ್ಚು. ಆದ್ದರಿಂದ ಕಿಣ್ವ ಬಳಸುವ ಕಾರ್ಖಾನೆಗಳು ಗಾಳಿಯ ಅಳತೆಯ ಜೊತೆಗೆ ಕಾರ್ಮಿಕರ ರಕ್ತ ಅಥವಾ ಚರ್ಮದ ಪರೀಕ್ಷೆಯನ್ನೂ ಕಾಲಕಾಲಕ್ಕೆ ನಡೆಸುತ್ತವೆ. ಐಜಿಇ ಕಾಣಿಸಿಕೊಂಡು ಉಸಿರು ಇನ್ನೂ ಕೆಡದಿರುವ ಹಂತದಲ್ಲೇ ಧೂಳು ಎಲ್ಲಿಂದ ಸೋರುತ್ತಿದೆ ಎಂದು ಹುಡುಕಿ ಮುಚ್ಚಲು ಆ ಪರೀಕ್ಷೆ ನೆರವಾಗುತ್ತದೆ.